ಚಿಕ್ಕಪ್ಪ ತಿಂದು ಬಂದ ಹಣ್ಣುಗಳು

ನಮ್ಮ ಮನೆ ಎಮ್ಮೆದೊಡ್ಡಿ ಕಾವಲಿನ ಅಂಚಿನಲ್ಲಿತ್ತು. ಅರಮನೆಯ ಅಮೃತಮಹಲ್ ದನಗಳು ಮೇಯುವ ಹುಲ್ಲುಗಾವಲು ಅದು. ಅಪ್ಪ ರಾಗಿ, ಹುಚ್ಚೆಳ್ಳಿನ ಹೊಲವನ್ನೂ ಹಳ್ಳದ ದಂಡೆಯ ತೆಂಗಿನ ತೋಟವನ್ನೂ ನೋಡಿಕೊಳ್ಳುತ್ತಿದ್ದ. ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ಹೊಲದ ಕೆಲಸಕ್ಕೆ ಒಗ್ಗದೆ ಕಾವಲಿನ ಚಾಕರಿಗೆ ಸೇರಿಕೊಂಡಿದ್ದ. ಆ ಹೋರಿಗಳು ಅರೆಕಾಡಿನವು. ಬೇರೆಯವರು ಹತ್ತಿರ ಹೋದರೆ ಕೊಂಬು ಇಳಿಸಿ ನಿಲ್ಲುತ್ತಿದ್ದವು. ಚಿಕ್ಕಪ್ಪ ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಒಂದು ಸದ್ದು ಮಾಡಿದರೆ ಸಾಕು, ಕತ್ತು ತಗ್ಗಿಸಿ ಮೂತಿ ಚಾಚುತ್ತಿದ್ದವು.

ನನಗೆ ಏಳೋ ಎಂಟೋ ವರ್ಷವಾಗಿದ್ದಾಗ, ಸಮುದ್ರದಾಚೆಯ ಮಲಯ ಸೀಮೆಯವರು ಯಾರೋ ದೊರೆಗಳು ಗಾಡಿ ಎಳೆಯಲೆಂದು ಕಾವಲಿನಿಂದ ಒಂದು ಹಿಂಡು ಹೋರಿ ಕೊಂಡರು. ಬೀರೂರಿನಲ್ಲಿ ರೈಲಿಗೆ ಹತ್ತಿಸಿ ಮದರಾಸಿಗೆ, ಅಲ್ಲಿಂದ ಹಡಗಿನಲ್ಲಿ ಪಿನಾಂಗಿಗೆ. ಕಾವಲಿನ ದರೋಗ ತಾನೇ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತ.

"ನಿಮ್ ತಮ್ಮ ಜೊತೆಗೆ ಹೋಗ್ದಿದ್ರೆ ಈ ಹೋರಿಗಳು ಹಡಗನ್ನೇ ಒಡೆದ್ಬಿಡ್ತವೆ ಕಣ್ರೀ. ಮೂರು ತಿಂಗಳು, ಅಷ್ಟೇ. ಇಳಿಸಿ, ಅವ್ರ ಕೈಗೆ ಒಪ್ಪಿಸಿ ಬಂದ್ಬಿಡ್ಲಿ" ಎಂದು ಅಪ್ಪನಿಗೆ ಹೇಳಿದ.

ಅಜ್ಜಿ ಒಳಗಿನಿಂದಲೇ, "ಸಮುದ್ರ ದಾಟೋದು ನಮ್ ಮನೇಲಿಲ್ಲ" ಎಂದಳು. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದ ಮನೆ. ಕಡೂರಿನ ಸಂತೆಗೆ ಹೋದಾಗಲೂ ಅಜ್ಜಿ ಬುತ್ತಿ ಒಯ್ಯುವವಳೇ ಹೊರತು ಹೊರಗಿನ ನೀರು ಮುಟ್ಟುವವಳಲ್ಲ. ಆದರೆ ಚಿಕ್ಕಪ್ಪನ ಮುಖ ನೋಡಿದವರಿಗೆ ಅವನು ಹೋಗಿಯೇ ಬಿಡುತ್ತಾನೆಂದು ತಿಳಿಯುತ್ತಿತ್ತು.

ಆಗ ಅವನಿಗೆ ಮದುವೆಯಾಗಿ ಎರಡು ವರ್ಷ. ಚಿಕ್ಕಮ್ಮ ಅಜ್ಜಂಪುರದವಳು, ಹೆಚ್ಚು ಮಾತಿನವಳಲ್ಲ. ಮೂರು ದಿನ ಕೂತು ಹುರಿಹಿಟ್ಟು ಬೀಸಿದಳು. ಒಣಗಿದ ರೊಟ್ಟಿ, ಕೊಬ್ಬರಿ, ಬೆಲ್ಲ, ಶೇಂಗಾ, ಎಲ್ಲವನ್ನೂ ಬಟ್ಟೆಯಲ್ಲಿ ಬೇರೆ ಬೇರೆ ಕಟ್ಟಿ ಗೋಣಿಚೀಲಕ್ಕೆ ತುಂಬಿದಳು. "ಇದು ಮುಗಿಯೋದ್ರೊಳ್ಗೆ ಬಂದ್ಬಿಡಿ" ಎಂದಷ್ಟೇ ಹೇಳಿದ್ದು ನನಗೆ ಕೇಳಿಸಿತು.

ಮೂರು ತಿಂಗಳಿಗೆ ಅವನು ಬರಲಿಲ್ಲ. ರಾಗಿ ಕೊಯ್ಲು ಮುಗಿಯಿತು, ಯುಗಾದಿ ಬಂತು. ಆಮೇಲೆ ಒಂದು ಕಾಗದ ಬಂತು, ಯಾರದೋ ಕೈಬರಹದಲ್ಲಿ, ಇಂಗ್ಲಿಷಿನಲ್ಲಿ. ಅಪ್ಪ ಕಡೂರಿಗೆ ಒಯ್ದು ಸ್ಕೂಲಿನ ಮೇಷ್ಟರಿಂದ ಓದಿಸಿಕೊಂಡು ಬಂದ. ಜ್ವರ ಬಂದಿತ್ತು, ಹಡಗು ತಪ್ಪಿತು, ಇನ್ನೊಂದು ಸಿಕ್ಕಿದರೆ ಬರುತ್ತೇನೆ, ಅಷ್ಟೇ ಇದ್ದದ್ದು. ಚಿಕ್ಕಮ್ಮ ಆ ಕಾಗದವನ್ನು ಮಡಿಸಿ ಗೂಡಿನಲ್ಲಿಟ್ಟಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ತೆಗೆದು ನೋಡುತ್ತಿದ್ದಳು. ಅಕ್ಷರದ ಮೇಲೆ ಬೆರಳು ಆಡಿಸುತ್ತಿದ್ದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಅವನು ಬಂದದ್ದು ಹೋದ ಒಂದೂವರೆ ವರ್ಷಕ್ಕೆ, ಒಂದು ಸಂಜೆ, ಬೀರೂರಿನಿಂದ ಬಂದ ಯಾರದೋ ಗಾಡಿಯಲ್ಲಿ. ಮೈ ಬತ್ತಿ ಹೋಗಿತ್ತು. ಗಡ್ಡದಲ್ಲಿ ಬಿಳಿ ಕೂದಲು ಇಣುಕಿತ್ತು. ಕೈಯಲ್ಲಿ ತಗಡಿನ ಒಂದು ಪೆಟ್ಟಿಗೆ. ಚಿಕ್ಕಮ್ಮ ಕಂಬದ ಹಿಂದೆ ನಿಂತಳು. ಅಜ್ಜಿ ಹೊಸಿಲಲ್ಲಿ ಕೈ ಅಡ್ಡ ಹಿಡಿದಳು.

"ಒಳಗ್ ಬರೋದಕ್ಕೆ ಮುಂಚೆ ಹೇಳು ಮಗ. ನಿನ್ ಬುತ್ತಿ ಎರಡು ತಿಂಗ್ಳಿಗೆ ಮುಗಿದಿರ್ತೈತೆ. ಆಮೇಲೆ ಏನ್ ತಿಂದೆ? ಯಾರ್ ಕೈಲಿ ತಿಂದೆ?"

ಅಂಗಳದಲ್ಲಿ ಆಗಲೇ ಹತ್ತು ಜನ ಸೇರಿದ್ದರು. ಚಿಕ್ಕಪ್ಪ ಎಲ್ಲರನ್ನೂ ಒಂದು ಸಲ ನೋಡಿದ.

"ಹಣ್ಣು ತಿಂದೆ ಕಣವ್ವ."

"ವರ್ಷಗಟ್ಲೆ ಹಣ್ಣು ತಿಂದ್ಕೊಂಡು ಯಾರಾದ್ರೂ ಬದುಕ್ತಾರಾ?" ಎಂದು ಪಕ್ಕದ ಮನೆಯ ಮುದುಕ ಕೇಳಿದ.

"ಅಲ್ಲಿನ ಹಣ್ಣು ನೀನ್ ಕಂಡಿಲ್ಲ ಬಿಡು, ಮಾವ" ಎಂದ ಚಿಕ್ಕಪ್ಪ.

ಮಠದಿಂದ ಅಯ್ಯನವರು ಬರುವವರೆಗೆ ಅವನನ್ನು ದನದ ಕೊಟ್ಟಿಗೆಯಲ್ಲಿ ಇರಿಸಿದರು. ಮೂರು ದಿನ. ಆ ಮೂರು ದಿನ ಕೊಟ್ಟಿಗೆಯೇ ಊರಿನ ಚಾವಡಿಯಾಯಿತು. ಹಣ್ಣು ತಿಂದೇ ಬದುಕಿದೆ ಎಂದವನು ಎಂಥ ಹಣ್ಣೆಂದು ಹೇಳಲೇಬೇಕಲ್ಲ. ಬಂದವರೆಲ್ಲ ಕೆದಕಿ ಕೆದಕಿ ಕೇಳಿದರು. ಅವನು ಹೇಳಿದ.

ಮೊದಲು ಹೇಳಿದ್ದು ಕೂದಲು ಹಣ್ಣನ್ನು. ಅಲ್ಲಿ ಅದಕ್ಕೆ ರಂಬುಟಾನ್ ಅನ್ನುತ್ತಾರಂತೆ. ಕೋಳಿಮೊಟ್ಟೆಗಿಂತ ಸಣ್ಣದು, ಕೆಂಪಗೆ, ಮೈತುಂಬ ಮೆತ್ತನೆಯ ಮುಳ್ಳು ಕೂದಲಿನ ಹಾಗೆ. ಉಗುರಿನಿಂದ ಸೀಳಿದರೆ ಒಳಗೆ ತಾಟಿನುಂಗಿನಂಥ ತಿರುಳು. ಆಮೇಲೆ ಹಲಸಿನ ದಾಯಾದಿ ಒಂದು, ಡುರಿಯಾನ್. ಅದರ ಮುಳ್ಳು ಕೈಯನ್ನೇ ಸೀಳುತ್ತದೆ, ನಾತ ಊರಾಚೆಗೂ ಬರುತ್ತದೆ. ಮೂಗು ಮುಚ್ಚಿಕೊಂಡು ಒಂದು ತೊಳೆ ಬಾಯಿಗಿಟ್ಟವನು ಎರಡನೆಯದಕ್ಕೆ ಮೂಗಿನಿಂದ ಕೈ ತೆಗೆಯುತ್ತಾನೆ. ಇನ್ನೊಂದಕ್ಕೆ ಹಾವಿನ ಪೊರೆಯಂಥ ಸಿಪ್ಪೆ. ಅದನ್ನು ಹೇಳಿದಾಗ ಹೆಂಗಸರು "ಶಿವಶಿವಾ" ಎಂದು ಕೆನ್ನೆ ಬಡಿದುಕೊಂಡರು.

ಎಲ್ಲಕ್ಕಿಂತ ನಿಧಾನವಾಗಿ, ಧ್ವನಿ ಇಳಿಸಿ ಹೇಳಿದ್ದು ಮಂಗಿಸ್ ಎಂಬ ಹಣ್ಣನ್ನು. ಈಗ ಮ್ಯಾಂಗೋಸ್ಟೀನ್ ಅನ್ನುತ್ತಾರೆ. ಬದನೆಯ ಬಣ್ಣ, ನಿಂಬೆಗಿಂತ ದೊಡ್ಡದು, ತೊಟ್ಟಿನ ಹತ್ತಿರ ನಾಲ್ಕು ದಪ್ಪ ಎಲೆ. ಅಡಿಯಲ್ಲಿ ಕೆತ್ತಿದ ಹಾಗೆ ಒಂದು ಪುಟ್ಟ ಹೂವು ಇರುತ್ತದೆ. ಹೂವಿಗೆ ಎಷ್ಟು ದಳವೋ ಒಳಗೆ ಅಷ್ಟೇ ತೊಳೆ. ಕತ್ತಿ ಹಾಕಬಾರದು. ಎರಡು ಅಂಗೈ ನಡುವೆ ಇಟ್ಟು ಒತ್ತಿ ತಿರುಗಿಸಿದರೆ ಸಿಪ್ಪೆ ಬಿರಿಯುತ್ತದೆ. ಒಳಗೆ ಬೆಳ್ಳುಳ್ಳಿ ಎಸಳಿನ ಹಾಗೆ ಬೆಳ್ಳಗೆ ಕೂತಿರುತ್ತವೆ.

"ರುಚಿ?" ಎಂದು ನಾನೇ ಕೇಳಿದೆ.

ಚಿಕ್ಕಪ್ಪ ಬರಿಗೈಯನ್ನು ಬಾಯಿಯ ಹತ್ತಿರ ತಂದು ಇಳಿಸಿದ. "ಹೇಳಕ್ ಬರಲ್ಲ ಕಣೇ ಕೂಸೇ. ಬಾಯಿಗ್ ಹಾಕಿದ್ರೆ ನೀರಾಗ್ತೈತೆ. ನೀರಾದ್ಮೇಲೂ ಇರ್ತೈತೆ."

ಪೆಟ್ಟಿಗೆ ತೆರೆದು ಆ ಹಣ್ಣಿನ ಒಣ ಸಿಪ್ಪೆಗಳನ್ನೂ ಬೇರೆ ಹಣ್ಣಿನ ಬೀಜಗಳನ್ನೂ ತೋರಿಸಿದ. ಹಣ್ಣನ್ನೇ ತಂದಿದ್ದನಂತೆ, ಹಡಗಿನಲ್ಲೇ ಕೊಳೆತವಂತೆ. ಒಣ ಸಿಪ್ಪೆಯೊಂದನ್ನು ನಾನು ಕದ್ದು ನೆಕ್ಕಿದೆ. ಒಗರು. ಅಷ್ಟು ದಿನ ಕಾವಲಿನ ಕಾರೆ, ಕವಳೆ, ಈಚಲು ಹಣ್ಣು ತಿಂದು ಕುಣಿದವಳಿಗೆ ಆವತ್ತಿನಿಂದ ಅವೆಲ್ಲ ಸಪ್ಪೆಯಾದವು. ಕಾಣದ ಹಣ್ಣಿನ ಮೇಲೆ ಅಷ್ಟು ಆಸೆ ಹುಟ್ಟುತ್ತದೆಂದು ಯಾರಿಗೆ ಗೊತ್ತು! ಕಣ್ಣು ಮುಚ್ಚಿ ಬಾಯಲ್ಲಿ ನೀರೂರಿಸಿಕೊಂಡು ಎಷ್ಟೋ ಮಧ್ಯಾಹ್ನ ಕೂತಿದ್ದೇನೆ.

ಅಯ್ಯನವರು ಬಂದು ಎಲ್ಲವನ್ನೂ ಕೇಳಿದರು. ಚಿಕ್ಕಪ್ಪನ ಕಣ್ಣನ್ನೇ ಸ್ವಲ್ಪ ಹೊತ್ತು ನೋಡಿ, "ಹಣ್ಣಿಗೆ ಮೈಲಿಗೆ ಇಲ್ಲ" ಎಂದರು. ಪಾದೋದಕ ಕೊಟ್ಟು, ವಿಭೂತಿ ಹಚ್ಚಿ ಒಳಗೆ ಕರೆಸಿದರು. ಆಮೇಲೂ ಯಾರಾದರೂ ಕೊಂಕು ತೆಗೆದರೆ ಅಜ್ಜಿ ಹರಿಹಾಯುತ್ತಿದ್ದಳು: "ಹಣ್ಣು ತಿಂದೆ ಅಂದ್ನಲ್ಲ, ಮುಗೀತು."

ಮುಗಿಯದೆ ಉಳಿದದ್ದು ಚಿಕ್ಕಮ್ಮನ ಮನಸ್ಸಿನಲ್ಲಿ. ಅವಳಿಗೂ ಆಸೆ ಹತ್ತಿತ್ತು, ನನಗಿಂತ ಹೆಚ್ಚಾಗಿ. ಚಿಕ್ಕಪ್ಪ ಆ ಹಣ್ಣಿನ ಮಾತು ಎತ್ತಿದಾಗಲೆಲ್ಲ ಅವನ ಕಣ್ಣು ಎಲ್ಲೋ ಹೋಗಿಬಿಡುತ್ತಿತ್ತು. ಗಂಡ ಎದುರಿಗೇ ಕೂತಿದ್ದರೂ ತನಗೆ ಕಾಲಿಡಲಾಗದ ಊರಿನಲ್ಲಿದ್ದಾನೆ ಎಂದು ಅವಳಿಗನ್ನಿಸುತ್ತಿತ್ತಂತೆ. ಒಂದು ದಿನ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. ಚಿಕ್ಕಪ್ಪ ನನಗೆ ಮತ್ತೆ ಅದೇ ಹಣ್ಣನ್ನು ಬಿಡಿಸುವ ಬಗೆಯನ್ನು ಬರಿಗೈಯಲ್ಲಿ ತೋರಿಸುತ್ತಿದ್ದ. ಚಿಕ್ಕಮ್ಮ ತಲೆ ಎತ್ತದೆ ಕೇಳಿದಳು:

"ಹಂಗೆ ಬಿಡಿಸ್ಬೇಕು ಅಂತ ನಿಮ್ಗೆ ಯಾರ್ ಹೇಳ್ಕೊಟ್ರು?"

ಚಿಕ್ಕಪ್ಪನ ಕೈ ನಿಂತಿತು. "ಮಾರೋರು... ಹಡಗು ನಿಲ್ಲೋ ದಕ್ಕೆ ಮೇಲೆ ಒಬ್ಬಾಕೆ ಹಣ್ಣು ಮಾರ್ತಿದ್ಲು."

"ಬಿಡಿಸಿ ಕೈಗೆ ಕೊಡೋಳಾ?"

ಅವನು ಎದ್ದು ಹೋದ. ಚಿಕ್ಕಮ್ಮ ಆವತ್ತು ಊಟ ಮಾಡಲಿಲ್ಲ. ಮಾರನೆಯ ವಾರ ತವರಿಗೆ ಹೊರಟಳು, ಜೊತೆಗೆ ನನ್ನನ್ನೂ ಕರೆದುಕೊಂಡು. ಅಜ್ಜಂಪುರದಲ್ಲಿ ಅವಳ ತಂದೆಗೆ ಮೆಣಸಿನಕಾಯಿ, ಹತ್ತಿಯ ವ್ಯಾಪಾರವಿತ್ತು. ಮನೆ ಸ್ಟೇಷನ್ನಿನಿಂದ ದೂರವಿರಲಿಲ್ಲ. ಅಲ್ಲಿಗೂ ಹಣ್ಣಿನ ಸುದ್ದಿ ಮುಟ್ಟಿತ್ತು. ನೀರಿಗೆ ಹೋದಲ್ಲಿ ಹೆಂಗಸರು, "ನಿನ್ ಗಂಡ ವರ್ಷಗಟ್ಲೆ ತಿಂದ ಹಣ್ಣು ಅದ್ಯಾವ್ದೇ? ನಿಂಗೊಂದ್ ತರ್ಲಿಲ್ವಾ?" ಎಂದು ನಗುತ್ತಿದ್ದರು. ಅವಳು ಕೊಡ ತುಂಬಿಕೊಂಡು ಬಂದುಬಿಡುತ್ತಿದ್ದಳು. ದಾರಿಯಲ್ಲಿ ಒಮ್ಮೆ ನನ್ನ ಕೈ ಹಿಡಿದು, "ಹಣ್ಣೇ ಇರ್ಲಿ ಅಂತ ಬೇಡ್ಕೊಳ್ತೀನಿ ಕಣೇ. ಬರೀ ಹಣ್ಣೇ ಇರ್ಲಿ" ಎಂದಳು. ಆ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ.

ದೀಪಾವಳಿಗೆ ಮುಂಚೆ ಚಿಕ್ಕಪ್ಪ ಕರೆಯಲು ಬಂದ. ಸೀತಾಫಲ ತುಂಬಿದ ಚೀಲವನ್ನು ಹೊಸಿಲ ಬಳಿ ಇಟ್ಟು ನಿಂತ.

ಚಿಕ್ಕಮ್ಮ ಬಾಗಿಲ ಮರೆಯಿಂದ, "ಅಲ್ಲಿ ಏನ್ ನಡೀತು ಅಂತ ಒಂದ್ ಮಾತು ಹೇಳಿ, ಬತ್ತೀನಿ" ಎಂದಳು.

"ಹಣ್ಣು ತಿಂದೆ. ಅಷ್ಟೇ ಕಣೇ" ಎಂದ. ಅವನ ಧ್ವನಿ ಬೇಡುವವರ ಧ್ವನಿಯಂತಿತ್ತು.

ಅವಳು ಬಂದಳು. ಬರದೆ ಏನು ಮಾಡುತ್ತಾಳೆ? ಸಂಸಾರ ನಡೆಯಿತು. ಇಬ್ಬರು ಗಂಡುಮಕ್ಕಳಾದರು. ಚಿಕ್ಕಪ್ಪ ತಂದ ಬೀಜಗಳಲ್ಲಿ ಎರಡು ಮೊಳೆತು ಗೇಣುದ್ದ ಬಂದಿದ್ದವು, ನಮ್ಮ ಬಿಸಿಲಿಗೆ ಸುಟ್ಟುಹೋದವು. ಅವನು ಮಾತ್ರ ಹಣ್ಣಿನ ಮಾತು ಆಡುವುದನ್ನು ಮೆಲ್ಲಗೆ ಬಿಟ್ಟ. ಮಾವಿನ ಕಾಲದಲ್ಲಿ ಮನೆತುಂಬ ಹಣ್ಣಿನ ವಾಸನೆ ಹರಡಿದಾಗ ಅವನು ಎದ್ದು ಕಾವಲಿನ ಕಡೆ ನಡೆದುಬಿಡುತ್ತಿದ್ದ. ಚಿಕ್ಕಮ್ಮ ಅವನ ಬೆನ್ನನ್ನು ನೋಡುತ್ತಿದ್ದಳು.

ನನಗೆ ತರೀಕೆರೆಯ ಕಡೆ ಮದುವೆಯಾಯಿತು. ನಮ್ಮವರು ಸ್ಟೇಷನ್ನಿನಲ್ಲಿ ಗುಮಾಸ್ತೆ. ಮದುವೆಯಾದ ಎರಡನೆಯ ವರ್ಷ ಅಜ್ಜಿ ತೀರಿಕೊಂಡಳು. ಒಂದು ದಿನ ನಮ್ಮವರೊಂದಿಗೆ ಮಾತಿಗೆ ಮಾತು ಬಂದು ಚಿಕ್ಕಪ್ಪನ ಹಣ್ಣುಗಳ ಕಥೆ ಹೇಳಿದೆ. ಅವರು ಮೊದಲು ನಕ್ಕರು. ಆಮೇಲೆ, "ಆ ಕೊನೇ ಹಣ್ಣು ನೀಲಗಿರಿ ತಪ್ಪಲಿನ ಸರ್ಕಾರಿ ತೋಟದಲ್ಲಿ ಬಿಡ್ತೈತೆ ಅಂತ ಯಾರೋ ಹೇಳಿದ್ರಲ್ಲ" ಎಂದರು. ಅವರ ಗೆಳೆಯರೊಬ್ಬರು ಮೆಟ್ಟುಪಾಳ್ಯದ ಕಡೆ ರೈಲಿನಲ್ಲಿ ಗಾರ್ಡ್ ಆಗಿದ್ದರು. ಕಾಗದ ಬರೆದರು. ಮುಂದಿನ ಮಳೆಗಾಲದಲ್ಲಿ, ನಾನು ಮರೆತೇ ಬಿಟ್ಟಿದ್ದಾಗ, ಕೈಯಿಂದ ಕೈಗೆ ದಾಟಿ ದಾಟಿ ಒಂದು ಬಿದಿರಿನ ಬುಟ್ಟಿ ತರೀಕೆರೆಗೆ ಬಂದಿಳಿಯಿತು.

ಒಣಹುಲ್ಲು ಸರಿಸಿದೆ. ಬದನೆಯ ಬಣ್ಣ. ನಾಲ್ಕು ದಪ್ಪ ಎಲೆ. ಒಂದನ್ನು ಬೋರಲು ಹಾಕಿದೆ, ಅಡಿಯಲ್ಲಿ ಹೂವಿತ್ತು. ಕೆಲವು ಕೆಟ್ಟು ಕಲ್ಲಾಗಿದ್ದವು, ಏಳು ಮಾತ್ರ ಚೆನ್ನಾಗಿದ್ದವು. ನಮ್ಮವರು "ಒಂದು ತಿಂದು ನೋಡು" ಎಂದರು. ನನಗೆ ಮನಸ್ಸಾಗಲಿಲ್ಲ. ಮಾರನೆಯ ದಿನವೇ ರೈಲು ಹತ್ತಿ, ಬೀರೂರಿನಲ್ಲಿ ಬದಲಿಸಿ, ಕಡೂರಿನಲ್ಲಿಳಿದು ಗಾಡಿ ಹಿಡಿದೆ. ಬುಟ್ಟಿಯನ್ನು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡಿದ್ದೆ.

ಅಪ್ಪ, ಅವ್ವ ಹೊಲಕ್ಕೆ ಹೋಗಿದ್ದರು. ಚಿಕ್ಕಪ್ಪ ಹಿತ್ತಲಲ್ಲಿ ಹಗ್ಗ ಹೊಸೆಯುತ್ತಿದ್ದ. ಚಿಕ್ಕಮ್ಮ ರಾಗಿ ಕೇರುತ್ತಿದ್ದಳು. ನಾನು ಏನೂ ಹೇಳದೆ ಬುಟ್ಟಿಯನ್ನು ಇಬ್ಬರ ನಡುವೆ ಇಟ್ಟು ಬಟ್ಟೆ ತೆಗೆದೆ.

ಚಿಕ್ಕಪ್ಪ ಹಗ್ಗ ಬಿಟ್ಟ. ಒಂದು ಹಣ್ಣನ್ನು ಕೈಗೆತ್ತಿಕೊಂಡು ಮೂಗಿನ ಹತ್ತಿರ ತಂದ. ಅಡಿಯ ಹೂವಿನ ದಳಗಳನ್ನು ಹೆಬ್ಬೆರಳಿನಿಂದ ಎಣಿಸಿದ. ಆರು. ಅಂಗೈಗಳ ನಡುವೆ ಒತ್ತಿ ತಿರುಗಿಸಿದ. ಸಿಪ್ಪೆ ಬಿರಿದು ಕೆಂಪು ರಸ ಮಣಿಕಟ್ಟಿಗೆ ಇಳಿಯಿತು. ಒಳಗೆ ಆರು ಎಸಳು. ಅದನ್ನು ಹಾಗೇ ಚಿಕ್ಕಮ್ಮನ ಕಡೆ ಚಾಚಿದ. ಅವಳು ಒಂದು ಎಸಳು ತೆಗೆದುಕೊಂಡಳು, ತಿನ್ನಲಿಲ್ಲ.

"ಆಕೆ ಹಿಂಗೇ ಕೊಡ್ತಿದ್ಲಾ?" ಎಂದು ಕೇಳಿದಳು. ಸಿಟ್ಟಿನಿಂದಲ್ಲ.

ಚಿಕ್ಕಪ್ಪ ತಲೆ ಅಲ್ಲಾಡಿಸಿದ. "ಕೈಗಲ್ಲ. ಬಾಯಿಗೆ ಇಡೋಳು."

ನಾನು ಎದ್ದು ಹೋಗಬೇಕೆಂದುಕೊಂಡೆ. ಅಷ್ಟರಲ್ಲಿ ಅವನ ಕಣ್ಣಿಂದ ನೀರು ಹರಿಯುತ್ತಿತ್ತು.

"ಮುದುಕಿ ಕಣೇ ಆಯಮ್ಮ. ನಮ್ಮವ್ವನಿಗಿಂತ ದೊಡ್ಡೋಳು. ಬಾಯಲ್ಲಿ ಹಲ್ಲಿರ್ಲಿಲ್ಲ. ಸಾಬರ ಪೈಕಿ. ಹೋರಿ ಒಪ್ಪಿಸಿದ ಮೂರನೇ ದಿನಕ್ಕೆ ಜ್ವರ ಬಂತು. ದಕ್ಕೆ ಪಕ್ಕದಲ್ಲಿ ಚೀಲದ ಮೇಲೆ ಬಿದ್ದಿದ್ದೆ. ಜೊತೇಲಿ ಬಂದೋರು ಹಡಗು ಹತ್ತಿ ಹೊರಟೋದ್ರು. ಇವ್ನು ಸಾಯ್ತಾನೆ ಅಂದ್ಕೊಂಡ್ರು. ಆಯಮ್ಮ ಯಾರನ್ನೋ ಕರ್ದು ನನ್ನ ಹೊರಿಸ್ಕೊಂಡು ಹೋದ್ಲು. ಮರದ ಕಾಲಿನ ಮೇಲೆ ನಿಂತ ಗುಡಿಸ್ಲು. ಕುಡಿದ ನೀರೂ ಹೊಟ್ಟೇಲಿ ನಿಲ್ತಿರ್ಲಿಲ್ಲ. ಈ ಹಣ್ಣು ಬಿಡಿಸಿ ಒಂದೊಂದೇ ಎಸಳು ನಾಲಿಗೆ ಮೇಲೆ ಇಡೋಳು. ಇದೊಂದು ನಿಂತ್ಕೊಳ್ತು."

"ಆಮೇಲೆ?" ಎಂದಳು ಚಿಕ್ಕಮ್ಮ.

"ಆಮೇಲೆ ಗಂಜಿ ಕೊಟ್ಲು. ಕುಡ್ದೆ. ಸಾರು ಕೊಟ್ಲು. ಅದ್ರಲ್ಲಿ ಏನಿತ್ತು ಅಂತ ನಾನು ಕೇಳ್ಲಿಲ್ಲ, ಆಯಮ್ಮ ಹೇಳ್ಲಿಲ್ಲ. ಹೇಳಿದ್ರೂ ನಂಗೆ ತಿಳೀತಿರ್ಲಿಲ್ಲ. ಅವ್ಳ ಮಾತು ಅವ್ಳಾಡೋಳು, ನನ್ ಮಾತು ನಾನಾಡ್ತಿದ್ದೆ. ಎದ್ದು ನಡೆದಾಡೋ ಹಂಗಾದ್ಮೇಲೂ ಅಲ್ಲೇ ಇದ್ದೆ, ಹಗಲೊತ್ತು ದೊರೆಗಳ ಗಾಡಿ ಹೋರಿ ನೋಡ್ಕೊಂಡು. ಹೆತ್ತವ್ವನ ಮುಂದೆ ಇದನ್ನ ಹೆಂಗ್ ಹೇಳ್ಲಿ? ಪ್ರಾಣ ಬಿಡೋಳು. ನಿಂಗ್ ಹೇಳಿದ್ರೆ ಅನ್ನ ಇಕ್ಕೋವಾಗೆಲ್ಲ ನಿಂಗೆ ಅದೇ ನೆನಪಾಗೋದು."

ಮಣಿಕಟ್ಟಿನ ರಸವನ್ನು ಪಂಚೆಗೆ ಒರೆಸಿಕೊಂಡು ಮತ್ತೆ ಹೇಳಿದ: "ಹೊರಡೋ ದಿನ ಆಯಮ್ಮಂಗೆ ಹೇಳ್ದೆ ಬಂದೆ ಕಣೇ. ಹಡಗಲ್ಲಿ ಜಾಗ ಐತೆ, ಈಗ್ಲೇ ಬಾ ಅಂತ ಬೆಳಗ್ಗೆ ಯಾರೋ ಓಡ್ಬಂದ್ರು. ಆಯಮ್ಮ ತೋಟಕ್ಕೆ ಹಣ್ಣು ತರಕ್ಕೆ ಹೋಗಿದ್ಲು. ಕಾಯಕ್ಕಾಗ್ಲಿಲ್ಲ. ಬುಟ್ಟಿ ತುಂಬ್ಕೊಂಡ್ ಬಂದು ನೋಡಿರ್ತಾಳೆ. ಗುಡಿಸ್ಲಲ್ಲಿ ನಾನಿಲ್ಲ."

ಚಿಕ್ಕಮ್ಮ ಮೊರ ಪಕ್ಕಕ್ಕಿಟ್ಟಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಕೇಳಿದ್ಯೇನೇ? ಹಲ್ಲಿಲ್ದಿರೋ ಮುದುಕಿ ಮೇಲೆ ಇಷ್ಟು ವರ್ಷ ಹೊಟ್ಟೆಕಿಚ್ಚು ಪಟ್ನಲ್ಲೇ."

ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ಕೈಯಲ್ಲಿದ್ದ ಎಸಳನ್ನು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಬೀಜವನ್ನು ಬಹಳ ಹೊತ್ತು ಚೀಪಿದಳು.

"ಚೆನ್ನಾಗೈತೆ" ಎಂದಳು. "ಜ್ವರದ ಬಾಯಿಗೆ ಇನ್ನೂ ಚೆನ್ನಾಗಿದ್ದಿರ್ಬೇಕು."

ಆಮೇಲೆ ನಾನೂ ತಿಂದೆ. ಚಿಕ್ಕಪ್ಪ ಹೇಳಿದ್ದು ನಿಜ, ನೀರಾದ ಮೇಲೂ ಅದು ಇತ್ತು. ಆದರೆ ಚಿಕ್ಕಂದಿನಲ್ಲಿ ನಾನು ಕಣ್ಣು ಮುಚ್ಚಿ ತಿನ್ನುತ್ತಿದ್ದ ಹಣ್ಣು ಇದಕ್ಕಿಂತ ದೊಡ್ಡದಾಗಿತ್ತು.

ಆವತ್ತಿನಿಂದ ಆ ಮನೆಯಲ್ಲಿ ಮುದುಕಿಯ ಮಾತು ಆರಂಭವಾಯಿತು. ಗುಡಿಸಲು ಎಂಥದ್ದು, ಬೆಳಗ್ಗೆ ಏನು ಮಾಡುತ್ತಿದ್ದಳು, ತಲೆಗೆ ಏನು ಸುತ್ತುತ್ತಿದ್ದಳು ಎಂದು ಚಿಕ್ಕಮ್ಮ ಒಂದೊಂದೇ ಕೇಳುತ್ತಿದ್ದಳು. ಅವಳಿಗೆ ಏನಾದರೂ ಕಳಿಸಬೇಕೆಂದು ಬಹಳ ಹಂಬಲಿಸಿದಳು. ಒಂದು ಸೀರೆ ತೆಗೆದಿಟ್ಟು, "ಅವ್ರು ಸೀರೆ ಉಡ್ತಾರೋ ಇಲ್ವೋ" ಎಂದು ಮತ್ತೆ ಒಳಗಿಟ್ಟು ಕೊಬ್ಬರಿ ಆರಿಸಿದಳು. ನನ್ನಿಂದ ಕಾಗದ ಬರೆಸಿದಳು. ಬರೆದು ಮುಗಿಸಿ ವಿಳಾಸ ಕೇಳಿದರೆ ಚಿಕ್ಕಪ್ಪ ಮಿಕಿಮಿಕಿ ನೋಡಿದ. ಆಕೆಯ ಹೆಸರು ಅವನಿಗೆ ಗೊತ್ತಿರಲಿಲ್ಲ. "ನಾನು ಅವ್ವ ಅಂತಿದ್ದೆ, ಆಯಮ್ಮ ಓಗೊಡ್ತಿದ್ಲು" ಎಂದ. ದಕ್ಕೆಯ ಪಕ್ಕದ ಗುಡಿಸಲೆಂದರೆ ಯಾವ ಟಪಾಲಿನವನು ಒಯ್ಯುತ್ತಾನೆ?

ಆ ವರ್ಷ ಹಿರಿಯರ ಹಬ್ಬದಲ್ಲಿ ಅಜ್ಜಿಗೆ ಎಡೆ ಇಡುವಾಗ ಚಿಕ್ಕಮ್ಮ ಪಕ್ಕದಲ್ಲಿ ಇನ್ನೊಂದು ಬಾಳೆ ಎಲೆ ಹಾಸಿದಳು. ಅಪ್ಪ ಯಾರಿಗೆಂದು ಕೇಳಲಿಲ್ಲ. ಅಷ್ಟು ಹೊತ್ತಿಗೆ ಅವನಿಗೂ ತಿಳಿದಿತ್ತು. ಚಿಕ್ಕಪ್ಪ ಮಾತ್ರ ಗಾಬರಿಯಾದ.

"ತೆಗಿಯೇ ಅದನ್ನ. ಆಯಮ್ಮ ಬದುಕಿದ್ರೆ?"

ಚಿಕ್ಕಮ್ಮ ಕೂಡಲೇ ಎಲೆ ಮಡಿಚಿದಳು. ಬದುಕಿರುವವರಿಗೆ ಎಡೆ ಇಡುವುದು ಆಯುಸ್ಸಿಗೆ ಕೇಡು. ಹೋಗಿದ್ದಾಳೆಂದು ತಿಳಿಸುವವರು ಯಾರೂ ಇರಲಿಲ್ಲ, ಇದ್ದಾಳೆಂದು ತಿಳಿಸುವವರೂ ಇರಲಿಲ್ಲ. ಹಾಗಾಗಿ ಅವಳನ್ನು ಬದುಕಿಸಿಯೇ ಇಟ್ಟರು.

ಚಿಕ್ಕಪ್ಪ ತೀರಿಕೊಂಡು ಎಷ್ಟೋ ವರ್ಷದ ಮೇಲೆ ಒಮ್ಮೆ ಹಬ್ಬಕ್ಕೆ ಹೋಗಿದ್ದೆ. ಚಿಕ್ಕಮ್ಮನ ಸೊಂಟ ಬಗ್ಗಿತ್ತು. ಗಂಡನಿಗೆ ಎಡೆ ಇಟ್ಟು ಕೈಮುಗಿದು ಕೂತಿದ್ದಳು. ನಾನು ಮೆಲ್ಲಗೆ, "ಆಯಮ್ಮಂಗೂ ಒಂದು ಇಟ್ಬಿಡು ಚಿಕ್ಕಮ್ಮ. ಇನ್ನೆಲ್ಲಿ ಇದ್ದಾಳು" ಎಂದೆ.

"ಬ್ಯಾಡ" ಎಂದಳು. "ನಿಮ್ ಚಿಕ್ಕಪ್ಪ ಮೇಲ್ ಹೋಗಿ ಹುಡುಕ್ತಿರ್ತಾರೆ. ಆಯಮ್ಮ ಅಲ್ಲಿ ಸಿಕ್ಕಿದ್ರೆ ನಂಗೆ ಕನಸಿಗಾದ್ರೂ ಬಂದು ಹೇಳ್ತಾರೆ. ಆಗ ಇಡಣ."